ಬೆಡ್‌ಶೀಟಿನ ಆಚೆ ತುದಿ

ಮಗನ ಚಟ ಬಿಡಿಸುವುದಕ್ಕೆ ದೊಡ್ಡ ಮೆಷಿನ್ನು ಹೋಯಿತು. ಹೋಟೆಲಿನ ಒಂದು ಮಹಡಿಯ ಬೆಡ್‌ಶೀಟುಗಳನ್ನೆಲ್ಲ ಒಂದೇ ಸಲಕ್ಕೆ ನುಂಗಿ, ಒಗೆದು, ಹಿಂಡಿ ಉಗುಳುತ್ತಿದ್ದ ಮೆಷಿನ್ನು ಅದು, ಗಂಡ ಬದುಕಿದ್ದಾಗ ಕೊಂಡದ್ದು. ಅದರ ಹಿಂದೆಯೇ ಕೈಯ ಬಳೆಗಳು ಹೋದವು, ಸೋರುವ ಸೂರು ಸರಿಮಾಡಿಸಲೆಂದು ಕೂಡಿಟ್ಟಿದ್ದು ಹೋಯಿತು. ಅವನು ವಾಸಿಯಾಗಿ ಮನೆಗೆ ಬಂದ ದಿನ ಬೀದಿಗೆಲ್ಲ ಸಿಹಿ ಹಂಚಿದ್ದೂ ಸಾಲದ ಮೇಲೆಯೇ. ಮಗಳ ಚಟಕ್ಕೆ ಇಲ್ಲಿಯವರೆಗೆ ಖರ್ಚಾದದ್ದು ಸುಟ್ಟ ಗಾಯದ ಮುಲಾಮು ಒಂದು ಟ್ಯೂಬು, ಸಡಿಲ ಬಟ್ಟೆ ಎರಡು ಜೊತೆ, ಕೈಗೆ ಔಷಧಿ ಮಾಡಿಸಲು ಹೋಗಿದ್ದಾಳೆ ಎಂದು ಬೀದಿಯವರಿಗೆ ಹೇಳಿದ ಒಂದು ಸುಳ್ಳು. ಚಟ ಬಿಡಿಸುವ ಕೇಂದ್ರದ ಹೆಂಗಸರ ಕೋಣೆಗೆ ಯಾರೋ ಪುಣ್ಯಾತ್ಮರು ದಾನ ಕೊಟ್ಟಿದ್ದರಂತೆ, ಅಲ್ಲಿ ಹಣ ಕೇಳಲೇ ಇಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಲಾಂಡ್ರಿಯಮ್ಮನಿಗೆ ಅನ್ನಿಸುತ್ತಿತ್ತು. ಕೊಟ್ಟು ತೀರಿಸುವಂಥ ಋಣವಾಗಿದ್ದರೆ ಹೀಗೆ ಎದೆಯ ಮೇಲೆ ಕಾಲು ಚಾಚಿ ಮಲಗುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಹೋಟೆಲಿಗೆ ಹೋಗಬೇಕಾದ ಬೆಡ್‌ಶೀಟುಗಳು ಮೇಜಿನ ಮೇಲೆ ಗುಡ್ಡೆ ಬಿದ್ದಿದ್ದವು. ಬೆಡ್‌ಶೀಟು ಮಡಿಸುವುದು ಒಬ್ಬರ ಕೆಲಸವಲ್ಲ. ಈಚೆ ಒಬ್ಬರು, ಆಚೆ ಒಬ್ಬರು ನಿಂತು ಎರಡೆರಡು ಮೂಲೆ ಹಿಡಿಯಬೇಕು; ಹಿಂದಕ್ಕೆ ಬಾಗಿ ಎಳೆದು ಒಮ್ಮೆ ಝಾಡಿಸಬೇಕು; ಆಮೇಲೆ ಒಬ್ಬರ ಕಡೆಗೊಬ್ಬರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಎರಡೂ ಕಡೆಯ ಎಳೆತ ಸಮನಾಗಿಲ್ಲದಿದ್ದರೆ ಮಡಿಕೆ ಸೊಟ್ಟಗಾಗುತ್ತದೆ, ಹೋಟೆಲಿನವನು ಗಂಟನ್ನೇ ವಾಪಸು ಎಸೆಯುತ್ತಾನೆ. ಮಗಳು ಆಚೆ ತುದಿ ಹಿಡಿದಾಗ ಮಾತೇ ಬೇಕಾಗುತ್ತಿರಲಿಲ್ಲ. ತಾಯಿಯ ಕೈ ಯಾವಾಗ ಎಳೆಯುತ್ತದೆ ಎಂದು ಅವಳ ಕೈಗೆ ಬಟ್ಟೆಯೇ ಹೇಳುತ್ತಿತ್ತು. ಈಗ ಆಚೆ ತುದಿಯಲ್ಲಿ ಸ್ಟೂಲಿನ ಮೇಲೆ ನಿಂತಿದ್ದವಳು ಮೊಮ್ಮಗಳು. ಇನ್ನೂ ಹಾಲುಹಲ್ಲು ಬೀಳುವ ವಯಸ್ಸು. ಇರುವುದು ಚೂರು, ಖಾರ ಮಾತ್ರ ಊರಿಗಾಗುವಷ್ಟು ಎಂದು ಅವಳನ್ನು ಎಲ್ಲರೂ ಮೆಣಸು ಎಂದೇ ಕರೆಯುತ್ತಿದ್ದರು.

"ನೆಲಕ್ಕೆ ತಾಗ್ಸಿದ್ರೆ ಕಿವಿ ಹಿಂಡ್ತೀನಿ ನೋಡು," ಎಂದಳು ಲಾಂಡ್ರಿಯಮ್ಮ.

"ನೀನು ಎಳೆಯೋದು ಜೋರು ಅಜ್ಜಿ. ಅಮ್ಮಂಗೂ ಹೀಗೇ ಎಳೀತಿದ್ದೆ."

"ಎಳೀದೆ ಮಡಿಕೆ ಬರುತ್ತಾ?"

"ಅಮ್ಮ ಯಾವಾಗ ಬರ್ತಾಳೆ?"

"ಕೈ ವಾಸಿಯಾದ್ಮೇಲೆ."

"ನನ್ನ ಮಂಡಿ ಎರಡೇ ದಿನಕ್ಕೆ ವಾಸಿ ಆಯ್ತಲ್ಲ. ಅಮ್ಮಂದು ಎಂಥ ಸೋಮಾರಿ ಕೈ!"

ಬೆಡ್‌ಶೀಟು ನೆಲಕ್ಕೆ ತಾಗಿತು. ಆದರೆ ಲಾಂಡ್ರಿಯಮ್ಮ ಕಿವಿ ಹಿಂಡಲಿಲ್ಲ. ಸೋಮಾರಿ ಎಂಬ ಮಾತು ಈ ಮನೆಯಲ್ಲಿ ಯಾರ ಬಾಯಿಂದ ಹೊರಟು ಮಗುವಿನ ಕಿವಿಗೆ ಬಿದ್ದದ್ದು ಎಂದು ಆಕೆಗೆ ಗೊತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ, ಇತ್ತೀಚೆಗೆ ಯಾರು ಏನಂದರೂ ಆಕೆಯ ಕೈ ತನ್ನ ಹೆಗಲಿಗೇ ಹೋಗುತ್ತಿತ್ತು.

ಮಧ್ಯಾಹ್ನದೊಳಗೆ ಕೇಂದ್ರಕ್ಕೆ ಹೋಗಬೇಕಿತ್ತು. ಅಲ್ಲಿ ಎಲ್ಲ ನೋಡಿಕೊಳ್ಳುವ ಮೇಡಂ ನಿನ್ನೆ ಫೋನು ಮಾಡಿ ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ಅಳಿಯನೂ ಬರುತ್ತಾನೆ. ಮಗಳನ್ನು ಬಿಟ್ಟು ತನ್ನ ತಾಯಿಯ ಮನೆ ಸೇರಿದ್ದ ಅಳಿಯ, ಇಷ್ಟು ದಿನ ಮಗುವಿಗೊಂದು ಚಪ್ಪಲಿ ಕಳಿಸದವನು, ಹೆಂಡತಿಗೆ ಚಟ ಅಂಟಿದೆ ಎಂದು ಕೇಳಿದ ಮೇಲೆ ಮಗುವನ್ನು ತನಗೆ ಕೊಡಿ ಎಂದು ಕೂತಿದ್ದ. ತಾಯಿ ವಾಸಿಯಾಗಿ ಹೊರಗೆ ಬರುವವರೆಗೆ ಮಗು ಎಲ್ಲಿರಬೇಕು ಎಂಬುದನ್ನು ಎಲ್ಲರೂ ಕೂತು ತೀರ್ಮಾನಿಸಬೇಕು. "ನಂಗೇನೋ ಮಗು ನಿಮ್ಮ ಹತ್ರ ಇದ್ರೇನೇ ಚೆನ್ನ ಅನ್ಸುತ್ತೆ ಅಮ್ಮಾ," ಎಂದಿದ್ದಳು ಮೇಡಂ. "ಆದ್ರೆ ಒಂದು ಮಾತು. ಮನೇಲಿ ದೊಡ್ಡವರಿಗೆ ಗೊತ್ತಿದ್ದೂ ಸುಮ್ನಿದ್ರು ಅಂತಾದ್ರೆ, ಆ ಮನೇಲಿ ಮಗೂನ ಬಿಡಬೇಡಿ ಅಂತ ನಾನೇ ಹೇಳ್ಬೇಕಾಗುತ್ತೆ. ನಿಮಗೆ ಗೊತ್ತಿರ್ಲಿಲ್ಲ, ಅಲ್ವಾ?" ಲಾಂಡ್ರಿಯಮ್ಮ ಆಗ ಮೂಗಿನಲ್ಲೇ ಒಂದು ಸದ್ದು ಮಾಡಿದ್ದಳು. ಹೌದೆಂದು ಕೇಳಿಸಿಕೊಳ್ಳುವವರಿಗೆ ಹೌದು, ಇಲ್ಲವೆಂದು ಕೇಳಿಸಿಕೊಳ್ಳುವವರಿಗೆ ಇಲ್ಲ. ಆ ಸದ್ದು ಇನ್ನೂ ಆಕೆಯ ಮೂಗಿನಲ್ಲೇ ಸಿಕ್ಕಿಕೊಂಡಿತ್ತು.

ಹೊರಗೆ ಮಗ ಗಾಡಿಗೆ ಗಂಟು ತುಂಬುತ್ತ ಸಿಳ್ಳೆ ಹಾಕುತ್ತಿದ್ದ. ಚಿಕ್ಕಂದಿನಿಂದ ಅವನನ್ನು ದೊರೆ ಎಂದು ಕರೆದೂ ಕರೆದೂ ನಿಜವಾದ ಹೆಸರು ಅವನಿಗೇ ಮರೆತುಹೋಗುವಷ್ಟಾಗಿತ್ತು. ಚಟದ ದಿನಗಳಲ್ಲೂ ಅವನು ದೊರೆಯೇ. ಉಪ್ಪಿನ ಹರಳಿನಂಥದ್ದನ್ನು ಸುಟ್ಟು ಹೊಗೆ ಎಳೆದು, ದಿನಗಟ್ಟಲೆ ಕಣ್ಣು ಮುಚ್ಚದೆ, ಟೀವಿ ಒಡೆದ, ಪಕ್ಕದ ಮನೆಯವನ ಕೊರಳಪಟ್ಟಿ ಹಿಡಿದ, ನಡುಬೀದಿಯಲ್ಲಿ ಅಂಗಿ ಬಿಚ್ಚಿ ನಿಂತ. ಗಂಡಸಿನ ಚಟಕ್ಕೆ ಸದ್ದಿರುತ್ತದೆ. ಆ ಸದ್ದಿಗೆ ಬೀದಿಗೆ ಬೀದಿಯೇ ಓಡಿ ಬಂದಿತ್ತು. ಒಬ್ಬರು ನೀರು ತಂದರು, ಒಬ್ಬರು ಕೇಂದ್ರದ ವಿಳಾಸ ತಂದರು, ಕೊರಳಪಟ್ಟಿ ಹಿಡಿಸಿಕೊಂಡವನೇ ಗಾಡಿಯಲ್ಲಿ ಜೊತೆಗೆ ಕೂತು ಹೋಗಿ ಸೇರಿಸಿ ಬಂದ. ಪಾಪ, ಯಾರ ಸಹವಾಸವೋ, ಹುಡುಗ ಒಳ್ಳೆಯವನೇ ಎಂದರು. ವಾಪಸು ಬಂದಾಗ ಯುದ್ಧದಿಂದ ಬಂದವನ ಹಾಗೆ ಬಂದ. ಈಗ ತಿಂಗಳಿಗೊಮ್ಮೆ ಕೇಂದ್ರಕ್ಕೆ ಹೋಗಿ ಹೊಸಬರ ಮುಂದೆ ಭಾಷಣ ಮಾಡುತ್ತಾನೆ, ಹೆಣ್ಣು ಕೊಡುತ್ತೇವೆಂದು ಬಂದವರೂ ಇದ್ದಾರೆ. ತಾಯಿಯ ಎದೆ ಆಗ ಎಷ್ಟು ಉಬ್ಬಿತ್ತೆಂದರೆ, ದೊಡ್ಡ ಮೆಷಿನ್ನು ಹೋದ ಜಾಗದಲ್ಲಿ ಎರಡು ಸಣ್ಣ ಮೆಷಿನ್ನುಗಳು ಹಗಲೂ ರಾತ್ರಿ ಏದುತ್ತಿದ್ದುದು, ಅವುಗಳ ಮುಂದೆ ಹಗಲೂ ರಾತ್ರಿ ನಿಂತದ್ದು ಯಾರು ಎನ್ನುವುದು ಆಕೆಯ ಕಣ್ಣಿಗೆ ಬಿದ್ದಿರಲಿಲ್ಲ. ಕಣ್ಣಿಗೆ ಬಿದ್ದಿರಲಿಲ್ಲವೆ? ಬಿದ್ದಿತ್ತು. ಮಗಳಿದ್ದಾಳಲ್ಲ, ಮಾಡುತ್ತಾಳೆ ಎಂದುಕೊಂಡಿದ್ದಳು. ಮನೆಯ ಗೋಡೆ ಸೂರು ಹೊರುತ್ತದೆ ಎಂದು ಯಾರಾದರೂ ಗೋಡೆಗೆ ಹೋಗಿ ಉಪಕಾರ ಹೇಳುತ್ತಾರೆಯೆ?

ಗಾಡಿಯಲ್ಲಿ ಮೆಣಸು ನಡುವೆ ಕೂತಿತ್ತು. ದೊರೆ ಒಂದು ಕೈಯಲ್ಲಿ ಸ್ಟಿಯರಿಂಗು ತಿರುಗಿಸುತ್ತ, "ಅಕ್ಕಂಗೆ ನಾನು ಅವತ್ತೇ ಹೇಳ್ದೆ ಅಮ್ಮ, ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಎಲ್ಲಾ ಆಗುತ್ತೆ ಅಂತ. ನನ್ನೇ ನೋಡಲಿ," ಎಂದ.

"ನೀನು ಮನಸ್ಸು ಗಟ್ಟಿ ಮಾಡ್ಕೊಂಡಾಗ ನಿನ್ನ ಬಟ್ಟೆ ಒಗೀತಿದ್ದೋಳು ಯಾರು?"

"ಅದಕ್ಕೇನೀಗ? ಲಾಂಡ್ರಿ ಮನೆಯೋರು ಬಟ್ಟೆ ಒಗೀದೆ ಬೆಣ್ಣೆ ಕಡೀತಾರಾ?" ಎಂದು ನಕ್ಕು, ಸ್ವಲ್ಪ ಹೊತ್ತು ಬಿಟ್ಟು ಸಣ್ಣ ದನಿಯಲ್ಲಿ ಕೇಳಿದ: "ಅವಳಿಗೆ ಅದು ಎಲ್ಲಿಂದ ಸಿಕ್ತೋ ಅಮ್ಮ? ನಿಂಗೇನಾದ್ರೂ ಹೇಳಿದ್ಲಾ?"

"ನೀನು ರಸ್ತೆ ನೋಡ್ಕೊಂಡು ಓಡಿಸು."

ಅದು ಅವನೇ ಬಿಟ್ಟುಹೋಗಿದ್ದು. ಕೇಂದ್ರಕ್ಕೆ ಹೋಗುವ ಮುಂಚೆ ಒಗೆಯುವ ಮನೆಯ ಸಂದಿಯಲ್ಲಿ ಅಡಗಿಸಿ ಮರೆತುಹೋಗಿದ್ದ ಪೊಟ್ಟಣ. ಕೈ ಸುಟ್ಟುಕೊಂಡು ಆಸ್ಪತ್ರೆಯಲ್ಲಿದ್ದಾಗ ಮಗಳೇ ಅದನ್ನು ಬಾಯಿಬಿಟ್ಟು ಹೇಳಿದ್ದಳು. ಅದು ಮುಗಿದ ಮೇಲೆ ದೊರೆಯ ಹಳೆಯ ಗೆಳೆಯನೊಬ್ಬ, ಅವನನ್ನು ಹುಡುಕಿಕೊಂಡು ಬಂದವನು, ಇವಳಿಗೆ ಕೊಡತೊಡಗಿದ್ದನ್ನೂ ಹೇಳಿದ್ದಳು. ಇದನ್ನು ದೊರೆಗೆ ಹೇಳಬಾರದು ಎಂದು ತಾಯಿ ಮಗಳು ಇಬ್ಬರೂ ಮಾತಿಲ್ಲದೆ ಒಪ್ಪಿಕೊಂಡಿದ್ದರು. ಅವನ ಮನಸ್ಸಿಗೆ ನೋವಾಗಿ ಮತ್ತೆ ಶುರುಮಾಡಿಬಿಟ್ಟರೆ? ಅವನು ವಾಸಿಯಾಗಿರುವುದು ಗಾಜಿನ ಲೋಟದ ಹಾಗೆ. ಮನೆಯವರೆಲ್ಲ ಅದರ ಸುತ್ತ ಕಾಲ ತುದಿಯಲ್ಲಿ ನಡೆಯಬೇಕು. ಮಗಳಿಗೆ ಅಂಥ ಲೋಟವೊಂದು ಬೇಡವೆ ಎಂದು ಗಾಡಿಯ ಕಿಟಕಿಯಾಚೆ ಓಡುತ್ತಿದ್ದ ಅಂಗಡಿಗಳನ್ನು ನೋಡುತ್ತ ಲಾಂಡ್ರಿಯಮ್ಮ ಯೋಚಿಸಿದಳು. ಯೋಚನೆ ಮಾಡುವುದಕ್ಕೆ ಈಗ ಬೇಕಾದಷ್ಟು ಹೊತ್ತಿತ್ತು.

ಮಗಳ ಚಟಕ್ಕೆ ಸದ್ದಿರಲಿಲ್ಲ. ಇದ್ದ ಸದ್ದೆಲ್ಲ ಕೆಲಸದ ಸದ್ದು. ಬೆಳಗಾಗುವುದರೊಳಗೆ ಒಗೆದಿರುತ್ತಿತ್ತು, ಗಂಜಿ ಹಾಕಿರುತ್ತಿತ್ತು, ಇಸ್ತ್ರಿಯ ಕಾದ ರೋಲರಿನಿಂದ ಬಟ್ಟೆ ಕನ್ನಡಿಯ ಹಾಗೆ ಹೊರಬಂದಿರುತ್ತಿತ್ತು. ಹೆರಿಗೆಯಾದ ಮೇಲೆ ತುಂಬಿಕೊಂಡಿದ್ದ ಮೈ ಇಳಿಯಿತು. ಬೀದಿಯ ಹೆಂಗಸರು ಜಗಲಿಯಿಂದಲೇ, "ಏನೇ, ಸೊಂಟ ಎಲ್ಲಿ ಬಿಟ್ಟು ಬಂದೆ? ಆ ಗುಟ್ಟು ನಮಗೂ ಸ್ವಲ್ಪ ಹೇಳೇ," ಎನ್ನುತ್ತಿದ್ದರು. ಅವಳು ಹಲ್ಲು ಕಚ್ಚಿಕೊಂಡೇ ನಗುತ್ತಿದ್ದಳು. ಆ ಹಲ್ಲು ಕಚ್ಚುವುದು ಆಮೇಲೆ ನಿಲ್ಲಲೇ ಇಲ್ಲ, ಮೆಷಿನ್ನು ನಿಂತ ಹೊತ್ತಿನಲ್ಲಿ ಕಟಕಟ ಎಂದು ಕೇಳುತ್ತಿತ್ತು. ನೆಲದ ಕಲ್ಲುಗಳ ಸಂದಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದಳು. ಕಟ್ಟಿಟ್ಟ ಗಂಟನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಊಟಕ್ಕೆ ಕರೆದರೆ ಆಯಿತು ಎನ್ನುತ್ತಿದ್ದಳು, ಯಾವಾಗ ಆಯಿತೋ ಯಾರೂ ಕಂಡವರಿಲ್ಲ. ಮೆಣಸು ತೊಡೆಯೇರಲು ಬಂದರೆ ಎತ್ತಿ ಇಳಿಸಿ, ಇನ್ನೊಂದು ಬಕೆಟ್ಟು ಎತ್ತುತ್ತಿದ್ದಳು. ಅಮ್ಮನ ಕೈ ಮೆಷಿನ್ನಿನ ಹಾಗೆ ನಡುಗುತ್ತದೆ ಎಂದು ಒಂದು ದಿನ ಮಗು ಹೇಳಿತ್ತು. ಲಾಂಡ್ರಿಯಮ್ಮ ಊರೆಲ್ಲ ಹೇಳಿಕೊಂಡು ಬಂದಳು: "ನನ್ನ ಮಗಳು ಬುಗುರಿ ಕಣ್ರೀ, ಬುಗುರಿ! ಕೂರು ಅಂದ್ರೆ ಕೂರಲ್ಲ. ಹೆಣ್ಣು ಅಂದ್ರೆ ಹಾಗಿರಬೇಕು." ಆ ಹೆಸರೇ ಅವಳಿಗೆ ಅಂಟಿತು. ಮಗನ ಕೆಂಪು ಕಣ್ಣು ಕಂಡಾಗ ಕೂಗಿಕೊಂಡಿದ್ದ ಅದೇ ಬಾಯಿ, ಮಗಳ ಕೆಂಪು ಕಣ್ಣಿಗೆ ಬಹುಮಾನ ಕೊಟ್ಟಿತ್ತು.

ಹಾಗಾದರೆ ಗೊತ್ತಿರಲಿಲ್ಲ ಎನ್ನಬಹುದಲ್ಲ. ಅಲ್ಲಿಯವರೆಗೆ ಎನ್ನಬಹುದು. ಆದರೆ ಗಂಜಿಯ ಡಬ್ಬಿ ಇತ್ತು. ಆ ದಿನ ಗಂಜಿ ಕಾಯಿಸಲು ಲಾಂಡ್ರಿಯಮ್ಮನೇ ಡಬ್ಬಿಗೆ ಕೈ ಹಾಕಿದಳು. ಪುಡಿಯೊಳಗೆ ಬೆರಳಿಗೆ ಪ್ಲಾಸ್ಟಿಕ್ಕು ತಗುಲಿತು. ಎತ್ತಿ ನೋಡಿದರೆ, ಉಪ್ಪಿನ ಹರಳು. ಮಗನ ದಿಂಬಿನ ಕೆಳಗೆ ಸಿಕ್ಕಾಗ ಇದೇ ಹರಳಿಗೆ ಆಕೆ ಎದೆ ಬಡಿದುಕೊಂಡು ನೆಲದಲ್ಲಿ ಹೊರಳಿದ್ದಳು. ಈ ಸಲ ನಿಂತೇ ಇದ್ದಳು. ಬಾಗಿಲಾಚೆ ಮಗಳು ಏನೋ ಗುನುಗುತ್ತ ಒದ್ದೆ ಬಟ್ಟೆಯ ಬುಟ್ಟಿ ಎಳೆಯುತ್ತಿದ್ದಳು. ಹೋಟೆಲಿನವನು ಇನ್ನೊಂದು ಮಹಡಿಯ ಕೆಲಸವನ್ನೂ ಕೊಟ್ಟಿದ್ದ ವಾರ ಅದು. ಆಕೆ ಪೊಟ್ಟಣವನ್ನು ಪುಡಿಯೊಳಗೆ ಹೂತಳು, ಮೇಲ್ಮೈ ಸವರಿದಳು, ಮುಚ್ಚಳ ಹಾಕಿದಳು. ಡಬ್ಬಿಯ ಮೇಲಿನ ಚಿತ್ರ ಗೋಡೆಯ ಕಡೆಗಿತ್ತೆಂದು ನೆನಪು ಮಾಡಿಕೊಂಡು, ಅದನ್ನು ಗೋಡೆಯ ಕಡೆಗೇ ತಿರುಗಿಸಿಟ್ಟಳು. ಗಾಬರಿಯಾಗಿದ್ದರೆ ಕೈ ಅಷ್ಟು ಜಾಣತನ ಮಾಡುತ್ತಿರಲಿಲ್ಲ. ಹೊರಗೆ ಬಂದು, "ಬಾರೇ, ಆಚೆ ತುದಿ ಹಿಡ್ಕೋ," ಎಂದಳು. ಅವತ್ತು ಅವರಿಬ್ಬರೂ ಮಡಿಸಿದಷ್ಟು ಚೆಂದವಾಗಿ ಎಂದೂ ಮಡಿಸಿರಲಿಲ್ಲ.

"ಅಜ್ಜಿ, ಇಳೀಬೇಕು," ಎಂದು ಮೆಣಸು ತೊಡೆ ತಟ್ಟಿತು. ಕೇಂದ್ರ ಬಂದಿತ್ತು. ಒಳಗೆ ಮಕ್ಕಳನ್ನು ಬಿಡುವುದಿಲ್ಲ. ಮೆಣಸನ್ನು ಗಾಡಿಯಲ್ಲೇ ಮಾಮನ ಜೊತೆ ಕೂರಿಸಿ ಲಾಂಡ್ರಿಯಮ್ಮ ಇಳಿದಳು.

ಅಂಗಳದಲ್ಲಿ ಗಂಡಸರು ಇಸ್ಪೀಟು ಆಡುತ್ತಿದ್ದರು. ಗಾಡಿಯಲ್ಲಿದ್ದ ದೊರೆಯನ್ನು ಕಂಡು ಇಬ್ಬರು, "ಏನ್ ಗುರು, ಕೆಳಗಿಳಿ!" ಎಂದು ಕೂಗಿದರು. ಒಬ್ಬ ಇವಳನ್ನು ನೋಡಿ, "ಲೇಡೀಸ್ ರೂಮಿಗಾ ಅಮ್ಮ?" ಎಂದು ಕೇಳಿದ. ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ, ಕೇಳಿ ಪಕ್ಕದವನ ಕಡೆ ನೋಡಿದ್ದರಲ್ಲಿತ್ತು. ಮಗನನ್ನು ನೋಡಲು ಬರುತ್ತಿದ್ದಾಗ ಇದೇ ಅಂಗಳದಲ್ಲಿ ಆಕೆಗೆ ಕುರ್ಚಿ ಹಾಕುತ್ತಿದ್ದರು. ಮೊಗಸಾಲೆಯ ಗೋಡೆಯ ಮೇಲೆ ವಾಸಿಯಾಗಿ ಹೋದವರ ಫೋಟೊಗಳು ಸಾಲಾಗಿದ್ದವು, ಎರಡನೇ ಸಾಲಿನಲ್ಲಿ ದೊರೆ ಹಲ್ಲು ಬಿಟ್ಟಿದ್ದ. ಆ ಗೋಡೆಯ ಮೇಲೆ ಒಬ್ಬ ಹೆಂಗಸೂ ಇರಲಿಲ್ಲ. ಫೋಟೊ ಹಾಕಲು ಯಾವ ಹೆಂಗಸು ಒಪ್ಪಿಯಾಳು, ಒಪ್ಪಿದರೆ ಅವಳ ಮನೆಯವರು ಬಿಟ್ಟಾರೆಯೆ? ಹೆಂಗಸರ ಕೋಣೆ ಮೇಲಿನ ಮಹಡಿಯ ಕೊನೆಯಲ್ಲಿ, ಹಿಂದೆ ಸಾಮಾನು ತುಂಬುತ್ತಿದ್ದ ಕೋಣೆ. ಒಳಗಿನ ಚಿಲಕ ಕೆಟ್ಟಿದೆ ಎಂದು ಹೋದ ಸಲ ಮಗಳು ಹೇಳಿದ್ದಳು, ಬಾಗಿಲಿಗೆ ಕುರ್ಚಿ ಒತ್ತರಿಸಿಟ್ಟು ಮಲಗುತ್ತಾರಂತೆ.

ಮೇಡಂನ ಕೋಣೆಯಲ್ಲಿ ಅಳಿಯ ಮೊದಲೇ ಬಂದು ಕೂತಿದ್ದ. ಗರಿಗರಿ ಅಂಗಿ, ಕಾಲರಿಗೆ ಗಂಜಿ ಹೆಚ್ಚಾಗಿದೆ, ಕತ್ತು ಕೆರೆಯುತ್ತಿರಬೇಕು ಎಂದು ಲಾಂಡ್ರಿಯಮ್ಮನಿಗೆ ಹೊಳೆಯಿತು. ಇಂಥ ಹೊತ್ತಿನಲ್ಲೂ ಇದೇ ಹೊಳೆಯುತ್ತದಲ್ಲ ಎಂದು ಮೈ ಸುಟ್ಟಂತಾಯಿತು. ಮಗಳು ಕಿಟಕಿಯ ಪಕ್ಕದಲ್ಲಿ ಕೂತಿದ್ದಳು. ಕೆನ್ನೆ ತುಂಬಿಕೊಂಡಿದ್ದವು. ಎಡಗೈಗೆ ಕಟ್ಟಿದ್ದ ಬಟ್ಟೆ ಸಣ್ಣದಾಗಿತ್ತು. ಬುಗುರಿ ನಿಂತಿತ್ತು, ನಿಂತ ಮೇಲೆಯೇ ಅದಕ್ಕೆ ಇಷ್ಟು ಬಣ್ಣಗಳಿದ್ದವು ಎಂದು ಕಾಣುವ ಹಾಗೆ, ಅವಳ ಮುಖದಲ್ಲಿ ಆಯಾಸ, ಸಿಟ್ಟು, ನಾಚಿಕೆ ಎಲ್ಲವೂ ಬೇರೆಬೇರೆಯಾಗಿ ಕಾಣುತ್ತಿದ್ದವು.

"ಮೆಣಸು?" ಎಂದಳು, ಅಷ್ಟೇ.

"ಕೆಳಗೆ ಗಾಡೀಲಿದಾಳೆ."

ಮಗಳು ಕಿಟಕಿಯಿಂದ ಬಗ್ಗಿ ನೋಡಿದಳು. ಮೇಲಿನಿಂದ ಗಾಡಿಯ ತಗಡಿನ ಮಾಡು ಮಾತ್ರ ಕಾಣುತ್ತಿತ್ತು. ಅವಳು ಅದನ್ನೇ ನೋಡುತ್ತ ಕೂತಳು.

"ಮಗು ಇರೋ ಹೆಂಗಸು ಮಾಡೋ ಕೆಲಸಾನಾ ಮೇಡಂ ಇದು?" ಎಂದು ಅಳಿಯ ಶುರುಮಾಡಿದ. "ನಾಳೆ ಆ ಮಗೂನ ಯಾರು ಏನಂತ ಕರೀಬೇಕು ಹೇಳಿ."

ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. "ಕೆಳಗೆ ಇಸ್ಪೀಟು ಆಡ್ತಿದಾರಲ್ಲ, ಅವರಲ್ಲಿ ಮುಕ್ಕಾಲು ಜನ ಅಪ್ಪಂದಿರೇ. ಮಕ್ಕಳಿದ್ದೂ ಹೀಗೆ ಮಾಡಿದ್ರಾ ಅಂತ ಅವರನ್ನ ಯಾರೂ ಕೇಳಿಲ್ಲಪ್ಪ. ಮಕ್ಕಳು ಮನೇಲಿ ಅಮ್ಮಂದಿರ ಹತ್ರ ಇದಾವೆ, ಇವರು ನೆಮ್ಮದಿಯಾಗಿ ವಾಸಿಯಾಗ್ತಾರೆ. ಇವಳು ಮಾತ್ರ ದಿನಾ ನನ್ನ ಹತ್ರ ಬಂದು, ಬಿಟ್ಬಿಡಿ ಮೇಡಂ, ಮಗು ಕೈ ತಪ್ಪಿ ಹೋಗುತ್ತೆ ಅಂತಾಳೆ. ಮಗು ಎಲ್ಲಿರುತ್ತೆ ಅಂತ ಇವತ್ತು ಗೊತ್ತಾಗದೇ ಇದ್ರೆ ನಾಳೆ ಗೋಡೆ ಹಾರ್ತಾಳೆ. ಹಾರಿದ್ರೆ ನೇರ ಎಲ್ಲಿಗೆ ಹೋಗ್ತಾಳೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು."

"ನನ್ನ ಮನೇಲಿ ಇರುತ್ತೆ. ನಮ್ಮಮ್ಮ ಇದಾರೆ."

"ನಿಮ್ಮಮ್ಮ ಮಗೂನ ಕೊನೇ ಸಲ ನೋಡಿದ್ದು ಯಾವಾಗ?" ಎಂದಳು ಮಗಳು, ಕಿಟಕಿಯಿಂದ ಮುಖ ತಿರುಗಿಸದೆ. "ಅದಕ್ಕೆ ಮೆಣಸು ಅಂತ ಹೆಸರು ಬಿದ್ದಿರೋದಾದ್ರೂ ಗೊತ್ತಾ ಅವರಿಗೆ?"

ಅಳಿಯ ಕತ್ತು ಕೆರೆದುಕೊಂಡ. "ಮೇಡಂ, ಒಂದೇ ಮನೇಲಿ ಇಬ್ಬರು ಚಟಕ್ಕೆ ಬಿದ್ದಿದಾರೆ. ಈ ಅಮ್ಮಂಗೆ ಗೊತ್ತಿರ್ಲಿಲ್ಲ ಅಂದ್ರೆ ನಂಬೋ ಮಾತಾ? ಗೊತ್ತಿದ್ದೇ ಮಗಳನ್ನ ದುಡಿಸ್ಕೊಂಡಿದಾರೆ."

ಅವನ ಬಾಯಿಂದ ಬಂದದ್ದು ಸತ್ಯವಾಗಿತ್ತು. ಅವನು ಅದನ್ನು ಸತ್ಯವೆಂದು ತಿಳಿದು ಹೇಳಿರಲಿಲ್ಲ, ಬೈಗುಳವೆಂದು ಹೇಳಿದ್ದ. ಎಂಥವನ ನಾಲಗೆಯ ಮೇಲೆ ಬಂದು ಕೂತಿತಲ್ಲ ಎಂದು ಲಾಂಡ್ರಿಯಮ್ಮ ಕೈಗಳನ್ನು ತೊಡೆಯ ನಡುವೆ ಒತ್ತಿಕೊಂಡಳು. ಮೇಡಂ ಆಕೆಯ ಕಡೆ ತಿರುಗಿದಳು. "ಹೇಳಿ ಅಮ್ಮಾ. ನಿಮಗೆ ಮೊದಲು ಗೊತ್ತಾಗಿದ್ದು ಯಾವಾಗ?"

ಲಾಂಡ್ರಿಯಮ್ಮನಿಗೆ ನೆನಪಾದದ್ದು ಗಂಜಿಯ ಡಬ್ಬಿಯ ದಿನವೂ ಅಲ್ಲ, ಅದಾದ ಮೇಲಿನ, ಬೆಳಕು ಚೆನ್ನಾಗಿದ್ದ ಒಂದು ಬೆಳಿಗ್ಗೆ. ಮಗಳು ಎದ್ದಿರಲಿಲ್ಲ. ಹಿಂದಿನ ದಿನವೂ ಎದ್ದಿರಲಿಲ್ಲ, ಅದರ ಹಿಂದಿನ ದಿನವೂ. ಗೋಡೆಗೆ ಮುಖ ಮಾಡಿ, ಬಾಯಿ ತೆರೆದು, ಜೊಲ್ಲು ಸುರಿಸಿಕೊಂಡು ಮಲಗಿದ್ದಳು. ಮೆಣಸು ಅವಳ ಬೆನ್ನಿಗೆ ಆತು ಕೂತು ಗೊಂಬೆಗೆ ತಲೆ ಬಾಚುತ್ತಿತ್ತು. ಎಷ್ಟೋ ತಿಂಗಳಿಂದ ಅಮ್ಮ ಒಂದೇ ಕಡೆ ಸಿಕ್ಕಿರಲಿಲ್ಲ ಅದಕ್ಕೆ. ಮಗಳು ತಾನಾಗಿಯೇ ಬಿಟ್ಟಿದ್ದಳು. ಯಾರೂ ಹೇಳದೆ, ಕೇಂದ್ರವಿಲ್ಲದೆ, ಮೇಡಂ ಇಲ್ಲದೆ, ಮೆಷಿನ್ನು ಮಾರದೆ. ಎಚ್ಚರವಾದಾಗ ಒಮ್ಮೆ, "ಅಮ್ಮ, ಸ್ವಲ್ಪ ದಿನ ಮಲಗಕ್ಕೆ ಬಿಡು. ಬಿಟ್ಬಿಡ್ತೀನಿ. ಆಗುತ್ತೆ," ಎಂದಿದ್ದಳು. ಏನನ್ನು ಬಿಡುತ್ತೀ ಎಂದು ತಾಯಿ ಕೇಳಲಿಲ್ಲ. ಕೇಳದಿದ್ದದ್ದೇ ಉತ್ತರವಾಗಿತ್ತು. ಹೊರಗೆ ಹೋಟೆಲಿನ ಗಾಡಿ ಬಂದು ಹಾರ್ನು ಹೊಡೆಯಿತು. ಒಳಗೆ ಒದ್ದೆ ಬಟ್ಟೆ ಹಾಗೇ ಬಿದ್ದು ಮುಗ್ಗಲು ವಾಸನೆ ಎದ್ದಿತ್ತು. ಇವತ್ತು ಕೊಡದಿದ್ದರೆ ಬೇರೆ ಲಾಂಡ್ರಿ ನೋಡಿಕೊಳ್ಳುತ್ತೇವೆ ಎಂದು ಚಾಲಕ ಬೀದಿಗೆ ಕೇಳುವ ಹಾಗೆ ಕೂಗಿದ. ಲಾಂಡ್ರಿಯಮ್ಮ ಮಂಚದ ಬಳಿ ಬಂದು ಹೊದಿಕೆ ಎಳೆದಳು. "ಎಂಥಾ ಸೋಮಾರಿತನವೇ ಇದು? ಏಳು. ಏನು ತಗೋತಿದ್ಯೋ ಅದನ್ನ ತಗೊಂಡಾದ್ರೂ ಏಳು." ಮಗಳು ಕಣ್ಣು ತೆರೆದು ತಾಯಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮೆಣಸನ್ನು ಬೆನ್ನಿನಿಂದ ಮೆಲ್ಲಗೆ ಸರಿಸಿ, ಎದ್ದು, ಗಂಜಿಯ ಡಬ್ಬಿ ಇದ್ದ ಕಡೆ ನಡೆದಳು. ಕೆಲಸ ಮುಗಿಯಿತು. ಗಾಡಿ ತುಂಬಿತು. ಆ ವಾರ ಮುಗಿಯುವುದರೊಳಗೆ, ನಿಂತಲ್ಲೇ ಕಣ್ಣು ಮುಚ್ಚಿಹೋಗಿ, ಅವಳ ಎಡಗೈ ಬಟ್ಟೆಯ ಜೊತೆ ಕಾದ ರೋಲರಿನೊಳಗೆ ಹೋಯಿತು.

"ಕೈ ಸುಟ್ಕೊಂಡಾಗ," ಎಂದಳು ಲಾಂಡ್ರಿಯಮ್ಮ. "ಆಸ್ಪತ್ರೇಲಿ ಡಾಕ್ಟ್ರು ಹೇಳಿದ ಮೇಲೆ. ಅಲ್ಲೀವರೆಗೆ ನಂಗೇನೂ ಗೊತ್ತಿರ್ಲಿಲ್ಲ."

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಬಟ್ಟೆ ಸುತ್ತಿದ ಆ ಅಂಗೈ ಎದುರಿಗೇ ಇತ್ತು. ಅದರ ಒಡತಿ ಈಗ ಮಾತಾಡಬಹುದಿತ್ತು. ಮಾತಾಡಿದರೆ ತಾನು ಒಪ್ಪಿಕೊಂಡುಬಿಡುತ್ತೇನೆ ಎಂದು ಲಾಂಡ್ರಿಯಮ್ಮನಿಗೆ ಅನ್ನಿಸಿತು. ಒಂದು ಕ್ಷಣ ಹಾಗೆಯೇ ಆಗಲಿ ಎಂದು ಆಸೆಯೂ ಆಯಿತು. ಹೇಳಲಿ, ಮುಖಕ್ಕೆ ಉಗಿಯಲಿ, ಹಗುರವಾಗುತ್ತದೆ. ಕೂಡಲೇ ಕೆಳಗೆ ಗಾಡಿಯಲ್ಲಿ ಕೂತ ಮಗು ನೆನಪಾಯಿತು. ತನ್ನ ಹಗುರಕ್ಕೆ ಅದು ಈ ಗರಿಗರಿ ಅಂಗಿಯವನ ಹಿಂದೆ ಹೋಗಬೇಕಾಗುತ್ತದೆ. ಮಗುವಿಗಾಗಿ ಸುಳ್ಳು ಹೇಳಿದೆನೋ, ಮಗುವನ್ನು ನೆಪ ಮಾಡಿಕೊಂಡು ಹೇಳಿದೆನೋ? ಎರಡೂ ಬಟ್ಟೆಗಳು ಒಂದೇ ನೀರಿನಲ್ಲಿ ನೆನೆದು ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿತ್ತು. ಬೇರೆ ಮಾಡಲಾಗಲಿಲ್ಲ.

ಮೇಡಂ ಮಗಳನ್ನು ಕೇಳಿದಳು. "ನೀನೇನಂತೀಯಮ್ಮ?"

ಮಗಳು ಕಿಟಕಿಯಿಂದ ತಿರುಗಿದಳು. ತಾಯಿಯನ್ನು ನೋಡಲಿಲ್ಲ. ಮೇಡಂನ ಮೇಜಿನ ಅಂಚನ್ನು ನೋಡುತ್ತ, ತಡೆಯದೆ, ಬಾಯಿಪಾಠ ಒಪ್ಪಿಸುವವಳ ಹಾಗೆ ಹೇಳಿದಳು: "ಅಮ್ಮಂಗೆ ಏನೂ ಗೊತ್ತಿರ್ಲಿಲ್ಲ. ನಾನೇ ಮುಚ್ಚಿಟ್ಟಿದ್ದೆ. ತಪ್ಪೆಲ್ಲ ನಂದು."

ಅಳಿಯ ಇನ್ನೂ ಏನೇನೋ ಅಂದ. ಮೇಡಂ ಕೇಳಿಸಿಕೊಂಡಳು, ಆಮೇಲೆ ಮಗು ಅಜ್ಜಿಯ ಹತ್ತಿರವೇ ಇರಲಿ, ಅವನು ಬೇಕೆಂದಾಗ ಬಂದು ನೋಡಬಹುದು ಎಂದಳು. ಅವನು ಕುರ್ಚಿ ಸದ್ದು ಮಾಡಿ ಎದ್ದು ಹೋದ. ಗೆದ್ದದ್ದು ತಾನೇ ಎಂದು ಲಾಂಡ್ರಿಯಮ್ಮನ ಮೈಗೆ ತಿಳಿಯುವುದಕ್ಕೆ ಹೊತ್ತು ಹಿಡಿಯಿತು. ಬಾಗಿಲವರೆಗೆ ಬಂದ ಮೇಡಂ ಮೆಲ್ಲಗೆ, "ಬೇಜಾರು ಮಾಡ್ಕೋಬೇಡಿ ಅಮ್ಮಾ. ಎಷ್ಟೋ ಮನೆ ನೋಡಿದೀನಿ. ಗಂಡಸು ಮನೆ ಮುರಿದ್ಮೇಲೆ ಇಲ್ಲಿಗೆ ಬರ್ತಾನೆ. ಹೆಂಗಸು ಇದರಲ್ಲಿ ಅವನಿಗಿಂತ ಬೇಗ ಮುಳುಗ್ತಾಳೆ, ಆದ್ರೂ ಮುಳುಗ್ತಾನೇ ಮನೆ ನಡೆಸ್ತಿರ್ತಾಳೆ. ನಡೀತಿದೆಯಲ್ಲ ಅಂತ ಯಾರೂ ನೋಡೋಕೆ ಹೋಗಲ್ಲ. ನೀವೊಬ್ಬರೇ ಅಲ್ಲ," ಎಂದಳು. ಸಮಾಧಾನಕ್ಕೆ ಹೇಳಿದ್ದು. ಲಾಂಡ್ರಿಯಮ್ಮ ತಲೆಯಾಡಿಸಿ, ಮತ್ತೆ ತನ್ನ ಹೆಗಲು ಸವರಿಕೊಂಡಳು.

ಹೆಂಗಸರ ಕೋಣೆಯಲ್ಲಿ ಮೂರು ಮಂಚ, ಆ ಹೊತ್ತಿನಲ್ಲಿ ಬೇರೆ ಯಾರೂ ಇರಲಿಲ್ಲ. ಮಗಳು ಒಣಗಿದ ಬೆಡ್‌ಶೀಟೊಂದನ್ನು ಕಿಟಕಿಯಿಂದ ಎಳೆದುಕೊಂಡು ಒಂದು ಕೈಯಲ್ಲೇ ಮಡಿಸಲು ಹೆಣಗುತ್ತಿದ್ದಳು. ಲಾಂಡ್ರಿಯಮ್ಮ ಹೋಗಿ ಆಚೆ ತುದಿ ಹಿಡಿದಳು. ಇಬ್ಬರೂ ಹಿಂದಕ್ಕೆ ಸರಿದರು. ಈ ಸಲ ತಾಯಿ ಮೆಲ್ಲಗೆ ಎಳೆದಳು. ಮಗಳ ಕಡೆಯಿಂದ ಎಳೆತವೇ ಬರಲಿಲ್ಲ, ಬಟ್ಟೆ ನಡುವೆ ಜೋತುಬಿತ್ತು.

"ನೀನು ಹಾಗೆ ಹೇಳಿದ್ಯಲ್ಲ," ಎಂದಳು ಲಾಂಡ್ರಿಯಮ್ಮ.

"ಮೆಣಸಿಗೋಸ್ಕರ ಹೇಳ್ದೆ. ನಿಂಗೋಸ್ಕರ ಅಲ್ಲ."

"ಗೊತ್ತು ಕಣೇ."

"ಗೊತ್ತು ಅನ್ಬೇಡ. ನಿಂಗೇನೂ ಗೊತ್ತಿರ್ಲಿಲ್ಲ ಅಂತ ಈಗ ತಾನೇ ಹೇಳಿ ಬಂದಿದೀನಿ."

ಲಾಂಡ್ರಿಯಮ್ಮ ಮೂಲೆಗಳನ್ನು ಕೂಡಿಸಲು ಎರಡು ಹೆಜ್ಜೆ ಮುಂದೆ ನಡೆದಳು. ಮಗಳು ಥಟ್ಟನೆ ಹಿಂದೆ ಸರಿದಳು. ಬೆನ್ನು ಗೋಡೆಗೆ ತಾಗಿತು. ಹಣೆಯಲ್ಲಿ ಬೆವರೊಡೆದಿತ್ತು, ದವಡೆ ಅಲುಗುತ್ತಿತ್ತು. ಆ ಕಟಕಟ ಮತ್ತೆ ಕೇಳಿಸಿತು.

"ಅಲ್ಲೇ ಇರಮ್ಮ. ಹತ್ರ ಬರಬೇಡ." ಉಸಿರು ಎಳೆದುಕೊಂಡು ಹೇಳಿದಳು. "ಸಿಟ್ಟಿಗೆ ಹೇಳ್ತಿಲ್ಲ. ನಿನ್ನ ಮೈಯಲ್ಲಿ ಗಂಜಿ ವಾಸನೆ ಇದೆ. ಆ ವಾಸನೆ ಬಂದ್ರೆ ನಂಗೆ ಅದು ಬೇಕು ಅನ್ಸುತ್ತೆ. ಹೋದ ಸಲ ನೀನು ಬಂದು ಹೋದ್ಮೇಲೆ ಎರಡು ದಿನ ನಿದ್ದೆ ಬರ್ಲಿಲ್ಲ. ಮೇಡಂಗೆ ಹೇಳಿಲ್ಲ ನಾನು."

"ಸ್ನಾನ ಮಾಡ್ಕೊಂಡೇ ಬಂದಿದೀನಲ್ಲೇ."

"ಅದು ಸ್ನಾನಕ್ಕೆ ಹೋಗೋ ವಾಸನೆ ಅಲ್ಲಮ್ಮ." ಕೈಯಲ್ಲಿದ್ದ ಬೆಡ್‌ಶೀಟಿನ ಮೂಲೆಯಿಂದ ಹಣೆ ಒರೆಸಿಕೊಂಡಳು. "ಮುಂದಿನ ವಾರದಿಂದ ದೊರೆನೇ ಬರಲಿ. ವಾಸಿಯಾದ್ಮೇಲೆ ಬಂದು ಮೆಣಸನ್ನ ಕರ್ಕೊಂಡು ಹೋಗ್ತೀನಿ. ಬೇರೆ ಎಲ್ಲಾದ್ರೂ ಕೆಲಸ ನೋಡ್ಕೋತೀನಿ. ನಿನ್ನ ಮನೆಗೆ ಬಂದ್ರೆ ನಾನು ಉಳಿಯಲ್ಲ. ಅಲ್ಲೀವರೆಗೆ ಅವಳನ್ನ ಹೊಡೀಬೇಡ. ಬಟ್ಟೆ ಮಡ್ಸೋಕೆ ಹಚ್ಬೇಡ."

"ಇಲ್ಲ."

"ಇವತ್ತು ಬೆಳಿಗ್ಗೆ ಹಚ್ಚಿದ್ಯಾ?"

ಲಾಂಡ್ರಿಯಮ್ಮ ಸುಳ್ಳು ಹೇಳಲು ಬಾಯಿ ತೆರೆದಳು. ಒಂದು ದಿನಕ್ಕೆ ಒಂದು ಸಾಕು ಎಂದು ಮುಚ್ಚಿದಳು. ತನ್ನ ಕಡೆಯ ಎರಡು ಮೂಲೆಗಳನ್ನು ಮಂಚದ ಮೇಲೆ ಹರಡಿಟ್ಟು, ಮಗಳಿಂದ ದೂರವಾಗಿ, ಎದುರು ಗೋಡೆಯ ಅಂಚಿನಲ್ಲೇ ನಡೆದು ಹೊರಗೆ ಬಂದಳು. ಹಿಂದೆ ಬಾಗಿಲಿಗೆ ಕುರ್ಚಿ ಒತ್ತರಿಸಿಟ್ಟ ಸದ್ದು ಕೇಳಿಸಿತು.

ಗಾಡಿಯಲ್ಲಿ ಮೆಣಸು ಕಿಟಕಿಯ ಗಾಜಿಗೆ ಬಾಯಿ ಒತ್ತಿ ಉಸಿರು ಊದಿ, ಆ ಮಂಜಿನ ಮೇಲೆ ಬೆರಳಿನಿಂದ ಗೀಚುತ್ತಿತ್ತು. "ಅಮ್ಮ ಬರ್ತಾಳಾ?" ಎಂದಿತು.

"ಬರ್ತಾಳೆ. ನಿನ್ನ ಕರ್ಕೊಂಡು ಹೋಗೋಕೆ."

"ಎಲ್ಲಿಗೆ?"

"ಒಳ್ಳೇ ಕಡೆಗೆ."

"ನೀನೂ ಬರ್ತೀಯಾ?"

ದೊರೆ ಗಾಡಿ ಹೊರಡಿಸಿದ. "ಏನಾಯ್ತಮ್ಮ? ಹೇಳಿದ್ಯಾ ತಾನೇ, ಗೊತ್ತಿರ್ಲಿಲ್ಲ ಅಂತ?" ಎಂದ. "ಹ್ಞೂಂ," ಎಂದಳು. "ನೆನ್ನೆ ಫೋನು ಬಂದಾಗಲೇ ನಾನು ಹೇಳಲಿಲ್ವಾ, ಅಷ್ಟೇ ಸಾಕು ಅಂತ!" ಎಂದು ಅವನು ಸಿಳ್ಳೆ ಹಾಕತೊಡಗಿದ.

ಸಂಜೆಯೊಳಗೆ ಹೋಟೆಲಿನ ಉಳಿದ ಬಟ್ಟೆ ಮುಗಿಸಬೇಕಿತ್ತು. ಮೆಣಸು ಸ್ಟೂಲು ಎಳೆದುಕೊಂಡು ಬಂದಿತು. ಲಾಂಡ್ರಿಯಮ್ಮ ಅದನ್ನು ಆಟಕ್ಕೆ ಕಳಿಸಿದಳು. ಬೆಡ್‌ಶೀಟಿನ ಆಚೆ ತುದಿಯ ಎರಡು ಮೂಲೆಗಳನ್ನು ಕಿಟಕಿಯ ಸರಳಿಗೆ ಕ್ಲಿಪ್ಪು ಹಾಕಿ ಸಿಕ್ಕಿಸಿ, ಈಚೆ ಬಂದು ಎಳೆದಳು. ಸರಳು ಎಷ್ಟು ಎಳೆದರೂ ತಡೆಯಿತು, ಏನೂ ಅನ್ನಲಿಲ್ಲ, ತಿರುಗಿ ಎಳೆಯಲೂ ಇಲ್ಲ. ಮಡಿಕೆ ಸೊಟ್ಟಗೆ ಬಂತು. ಬಿಚ್ಚಿ ಮತ್ತೆ ಮಡಿಸಿದಳು, ಮತ್ತೆ ಸೊಟ್ಟಗೇ ಬಂತು. ಹಾಗೆಯೇ ಗಂಟು ಕಟ್ಟಿದಳು. ಹೋಟೆಲಿನ ಕೆಲಸ ಉಳಿದಿತ್ತು. ಮಗ ಉಳಿದಿದ್ದ. ಮೊಮ್ಮಗಳು ತಾಯಿ ಬರುವವರೆಗೆ ಉಳಿದಳು. ಮಗಳನ್ನು ಕಳೆದುಕೊಂಡಾಗಿತ್ತು, ಅದಾದದ್ದು ಇವತ್ತು ಆ ಕೋಣೆಯಲ್ಲಲ್ಲ, ಹೊದಿಕೆ ಎಳೆದ ಬೆಳಿಗ್ಗೆ.